ಹನ್ನೊಂದು ಚೂರು

ಮನುಷ್ಯನನ್ನು ಅಳಿಸುವುದು ನನ್ನ ಮೊದಲ ಕೆಲಸ.
ಬೆನ್ನುಹುರಿಯ ನೀರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು
ಅವನೇ ಇರುತ್ತಾನೆ: ಅಪ್ಪನ ಮೂಗು, ಅಜ್ಜಿಯ ಸಿಡುಕು,
ಯಾವ ಕಾಲಕ್ಕೋ ಯಾವ ಕಣಿವೆ ಇಳಿದು ಬಂದವರ ಗುರುತು.
ಅಷ್ಟನ್ನೂ ಒಂದೇ ಸಾಲಿನ ಆಜ್ಞೆಯಲ್ಲಿ ತೂರಿಬಿಡುತ್ತೇನೆ.
ಹಾರಿದ್ದು ಕಾಳು.
ಮೊರದಲ್ಲಿ ಉಳಿಯುವ ಜೊಳ್ಳಿಗೇ ನನಗೆ ಸಂಬಳ.

ಕುತೈಸಿಯ ಆಸ್ಪತ್ರೆ, ನೆಲಮಾಳಿಗೆ. ಕಿಟಕಿಯಿಲ್ಲ.
ತಲೆ ಮೇಲಿನ ಕೊಳವೆಯಲ್ಲಿ
ಯಾರೋ ಕೈ ತೊಳೆದದ್ದು ಕೇಳಿಸುತ್ತದೆ.
ಹೊರಗೆ ರಿಯೋನಿ ಹೊಳೆ ಬಿಳಿ ಕಲ್ಲುಗಳ ಮೇಲೆ
ಈಗಲೂ ಹರಿಯುತ್ತಿದೆಯೆಂದು ನಂಬಿಕೊಂಡಿದ್ದೇನೆ.

ಮಾದರಿ ಇನ್ನೂರ ಹದಿನಾಲ್ಕು. ಗಂಡಸು, ಐವತ್ತೆಂಟು.
ಎರಡು ತಿಂಗಳ ತಲೆನೋವು,
ಸಂಜೆ ಬಂದು ಬೆಳಗ್ಗೆ ಎದ್ದುಹೋಗುವ ಜ್ವರ,
ಒಂದು ವಾರದಿಂದ ಹೆಂಡತಿಯನ್ನು
ಸತ್ತ ಅಕ್ಕನ ಹೆಸರಿಂದ ಕರೆಯುತ್ತಾನಂತೆ.
ಕ್ಷಯವೆಂದು ಮದ್ದು ಕೊಟ್ಟರು; ಜ್ವರ ಜಗ್ಗಲಿಲ್ಲ.
ಚೀಟಿಯ ಕೊನೆಗೆ ಡಾಕ್ಟರ್ ಮಲ್ಖಾಜನ ಕೈಬರಹ:
ಏನಾದರೂ ಹುಡುಕಿಕೊಡು, ಮಕ್ವಾಲಾ.

ಯಂತ್ರ ರಾತ್ರಿಯಿಡೀ ಓದಿತು, ಎರಡು ಕೋಟಿ ಚೂರು.
ಅವನನ್ನು ಅಳಿಸಿದೆ.
ನಮ್ಮೆಲ್ಲರ ಚರ್ಮದ ಮೇಲೆ ಬಾಡಿಗೆಯಿಲ್ಲದೆ ಬದುಕುವವನ್ನು ಅಳಿಸಿದೆ.
ಪರದೆಯ ತಳದಲ್ಲಿ, ತಪ್ಪಲೆಗೆ ಅಂಟಿದ ಅಗುಳಿನಂತೆ,
ಬ್ರುಸೆಲ್ಲಾ: ಹನ್ನೊಂದು.

ಒಂದಗುಳು ಹಿಸುಕಿದರೆ ಸಾಕು, ಅನ್ನ ಬೆಂದದ್ದು ತಿಳಿಯುತ್ತದೆ
ಎನ್ನುವವರು ಇಲ್ಲಿ ಬಂದು ಕೂರಲಿ.

ಇದಕ್ಕೊಬ್ಬ ದಾಯಾದಿ ಇದ್ದಾನೆ.
ನಮ್ಮ ಸೀಸೆಗಳ ಶುದ್ಧ ನೀರಲ್ಲೇ ಮನೆ ಮಾಡಿಕೊಂಡವನು,
ಕೇಡಿಲ್ಲ, ಮುಖ ಮಾತ್ರ ಅದೇ ಅಚ್ಚು.
ಹೋದ ವರ್ಷ ಅವನನ್ನು ಕಂಡು
ಒಬ್ಬ ಹುಡುಗಿಗೆ ನಾನೇ ಇಲ್ಲದ ರೋಗ ಬರೆದುಕೊಟ್ಟೆ.
ಆರು ದಿನ ಅವಳು ಸುಮ್ಮನೆ ಮಾತ್ರೆ ನುಂಗಿದಳು.
ವರದಿಯನ್ನು ತಿದ್ದಿದೆ.

ಬರೀ ನೀರಿನ ಮಾದರಿ ತೆರೆದೆ. ಅಲ್ಲೂ ಎರಡು ಚೂರು.
ಕಾಫಿ ತಣ್ಣಗಾಯಿತು.
ಹನ್ನೊಂದನ್ನೂ ಒಂದೊಂದಾಗಿ ಬಿಡಿಸಿ,
ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದೆ.
ನಾಲ್ಕು ಯಾರದಾದರೂ ಆಗಬಹುದು.
ಏಳು ಒಬ್ಬನದೇ.
ನೀರಿನ ಎರಡು, ದಾಯಾದಿಯವು.

ಏಳರ ಮೇಲೆ ಎಷ್ಟು ಭಾರ ಹೇರಬಹುದು?

ಫೋನ್ ಮಾಡಿದೆ. "ಕುರಿ ಸಾಕಿದ್ದಾನಾ?"
"ಪೋತಿಗೆ ವ್ಯಾನ್ ಓಡಿಸುತ್ತಾನೆ," ಮಲ್ಖಾಜ್ ನಿದ್ದೆಯಲ್ಲಿದ್ದ,
"ಕುರಿ ಎಲ್ಲಿಂದ ಬರಬೇಕು?"
"ಚೀಸ್ ತಿನ್ನುತ್ತಾನಾ, ಹಸಿ ಹಾಲಿನದು, ಮನೆಯಲ್ಲಿ ಮಾಡಿದ್ದು?"
ಆ ಕಡೆ ಮಾತಿಲ್ಲ.
ಕುರ್ಚಿ ಸರಿದ ಸದ್ದು. ಫ್ರಿಜ್ಜಿನ ಬಾಗಿಲ ಸದ್ದು.
"ಅವನ ಹೆಂಡತಿ ದೊಮ್ನಾ, ಮೊನ್ನೆ ಒಂದು ಉಂಡೆ ತಂದಳು.
ತುಶೇತಿ ಬೆಟ್ಟದಲ್ಲಿ ಅವಳಣ್ಣನ ಕುರಿಗಳಂತೆ.
ಬೇಡವೆಂದರೆ ಅಳುತ್ತಾಳೆ."
"ತಿಂದಿರಾ?"
"ಅರ್ಧ ಉಳಿದಿದೆ."

'ಇದೆ' ಎಂದು ಬರೆಯಲಿಲ್ಲ, 'ಇರಬಹುದು' ಎಂದೆ.
ರಕ್ತ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ ಎಂದೆ.
ವರದಿಯಲ್ಲಿ ಜಾಗವಿಲ್ಲದ್ದರಿಂದ ಬಾಯಲ್ಲಿ ಹೇಳಿದೆ:
ನಿಮ್ಮದೂ, ನರ್ಸುಗಳದೂ.

ಮದ್ದು ಬದಲಿಸಿದ ಒಂಬತ್ತನೇ ದಿನ
ಅವನು ಹೆಂಡತಿಯನ್ನು ಅವಳ ಹೆಸರು ಹಿಡಿದೇ ಬೈದನಂತೆ,
ವ್ಯಾನಿನ ಕೀಲಿ ಎಲ್ಲಿಟ್ಟೆಯೆಂದು.
ಅವಳು ಕಾರಿಡಾರಿನಲ್ಲಿ ನಿಂತು ಅತ್ತಳಂತೆ,
ಅತ್ತು, ಮೂಗೊರೆಸಿಕೊಂಡು,
ಅಷ್ಟು ಒಳ್ಳೇ ಚೀಸ್ ಚರಂಡಿಗೆ ಹಾಕಿದವರು ಯಾರು ಎಂದು
ಜಗಳಕ್ಕೆ ನಿಂತಳಂತೆ.
ಕೆಳಗಿನ ಯಂತ್ರ ಎಂದರಂತೆ ನರ್ಸು.

ಎಲ್ಲ ಅಂತೆಗಳು. ನಾನು ಮೇಲೆ ಹೋಗಲಿಲ್ಲ.
ಅವನ ಹೆಸರು ಕೇಳಬಹುದಿತ್ತು, ಕೇಳಲಿಲ್ಲ.

ಅಳಿಸಿದ್ದನ್ನು ಮೂವತ್ತು ದಿನ ಬೇರೆ ಕಡತದಲ್ಲಿಡುವುದು ನಿಯಮ,
ಆಮೇಲೆ ಅದೂ ಹೋಗುತ್ತದೆ, ಮೂಗು, ಸಿಡುಕು, ಕಣಿವೆ ಸಮೇತ.
ಇವತ್ತಿಗೆ ಇಪ್ಪತ್ತೆರಡು.